ಕಥೆಯೇ ಇಲ್ಲವೆನ್ನಿಸುವ ಚಿತ್ರ ಮನಸ್ಸಿನಿಂದ ಏಕೆ ಹೋಗುವುದಿಲ್ಲ?

ಪ್ರಶ್ನೆ: ರಾಮ್ ರೆಡ್ಡಿಯವರ ‘ತಿಥಿ’ ಚಿತ್ರವನ್ನು ಬಿಡುಗಡೆಯಾದ ಎಷ್ಟೋ ವರ್ಷಗಳ ಮೇಲೆ ಈಚೆಗೆ ಮನೆಯಲ್ಲಿ ನೋಡಿದೆವು. ಅರ್ಧ ಗಂಟೆಯಾಗುವಷ್ಟರಲ್ಲಿ ನಮ್ಮ ಯಜಮಾನರು “ಇದರಲ್ಲಿ ಕಥೆಯೇ ಇಲ್ಲವಲ್ಲ” ಎಂದು ಎದ್ದುಹೋದರು. ನೋಡುವಾಗ ನನಗೂ ಹಾಗೆಯೇ ಅನ್ನಿಸಿತ್ತು. ಆದರೆ ವಾರ ಕಳೆದರೂ ಗಡ್ಡಪ್ಪ ನನ್ನ ಕಣ್ಣ ಮುಂದಿನಿಂದ ಹೋಗಿಲ್ಲ. ಊರಿನಲ್ಲಿರುವ ನಮ್ಮವರೇ ಯಾರೋ ಅನ್ನಿಸುತ್ತಿದೆ. ಇಂತಹ ಮೆಲುದನಿಯ ಚಿತ್ರಗಳು ಹಿಡಿದಿಟ್ಟುಕೊಳ್ಳುವುದು ಯಾವ ಬಲದಿಂದ? ಮಂಡ್ಯದ ಮಾತಿನ ಸೊಗಸೊಂದೇ ಕಾರಣವೇ? ಇನ್ನೊಂದು ಮಾತು: ಕಳೆದ ವರ್ಷ ನಮ್ಮ ಅಜ್ಜ ತೀರಿಕೊಂಡರು. ಈ ಚಿತ್ರವನ್ನು ನನ್ನ ತಂದೆಗೆ ತೋರಿಸಬಹುದೇ?

ಉತ್ತರ: ನಿಮ್ಮ ಯಜಮಾನರು ಹೇಳಿದ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದು ತಪ್ಪು ಮಾತಾದರೂ ಬಹಳ ಜನರು ಪ್ರಾಮಾಣಿಕವಾಗಿ ಹೇಳುವ ಮಾತು. ‘ತಿಥಿ’ಯಲ್ಲಿ ನಡೆಯುವುದನ್ನು ಒಮ್ಮೆ ಎಣಿಸಿ ನೋಡಿ. ನೂರು ದಾಟಿದ ಸೆಂಚುರಿ ಗೌಡ ಸಾಯುತ್ತಾನೆ. ಅವನ ಹೆಸರಿನಲ್ಲಿ ಐದು ಎಕರೆ ಜಮೀನಿದೆ. ಅದು ನ್ಯಾಯವಾಗಿ ಬರಬೇಕಾದದ್ದು ಮಗ ಗಡ್ಡಪ್ಪನಿಗೆ, ಆದರೆ ಗಡ್ಡಪ್ಪನಿಗೆ ಜಮೀನಿನ ಗೊಡವೆಯೇ ಬೇಡ. ಮೊಮ್ಮಗ ತಮ್ಮಣ್ಣನಿಗೆ ಅದನ್ನು ಮಾರಿ ಹಣ ಮಾಡಿಕೊಳ್ಳುವ ಅವಸರ. ಅಪ್ಪ ಬದುಕಿರುವಾಗಲೇ ಅವನು ಸತ್ತನೆಂದು ಲಂಚ ಕೊಟ್ಟು ಮರಣ ಪತ್ರ ಮಾಡಿಸಲು ಅವನು ಮುಂದಾಗುತ್ತಾನೆ, ಬಡ್ಡಿಗೆ ಸಾಲ ತರುತ್ತಾನೆ, ಬದುಕಿರುವ ಅಪ್ಪ ಯಾರ ಕಣ್ಣಿಗೂ ಬೀಳದಿರಲೆಂದು ಕೈಗೆ ದುಡ್ಡು ಕೊಟ್ಟು ಊರು ಬಿಡಿಸುತ್ತಾನೆ. ಮರಿಮಗ ಅಭಿ ಕುರಿಗಾಹಿಗಳ ಹುಡುಗಿ ಕಾವೇರಿಯ ಹಿಂದೆ ಬಿದ್ದಿರುತ್ತಾನೆ. ಇವೆಲ್ಲವೂ ಹನ್ನೊಂದನೆಯ ದಿನದ ತಿಥಿಯ ಬಾಡೂಟದ ಕಡೆಗೆ ಒಂದೇ ಸಮನೆ ಸಾಗುತ್ತವೆ. ಸಾವು, ಆಸ್ತಿ, ಸುಳ್ಳು ದಾಖಲೆ, ಸಾಲ, ಪ್ರೇಮ ಎಲ್ಲವೂ ಇರುವಾಗ ಕಥೆ ಇಲ್ಲವೆನ್ನುವುದು ಹೇಗೆ? ಇದೇ ಸಾಮಗ್ರಿಯಿಂದ ಭರ್ಜರಿ ಕೌಟುಂಬಿಕ ಧಾರಾವಾಹಿಯೊಂದನ್ನು ವರ್ಷಗಟ್ಟಲೆ ನಡೆಸಬಹುದು.

ಹಾಗಾದರೆ ಕಥೆ ಇಲ್ಲವೆಂದು ಅನ್ನಿಸುವುದೇಕೆ? ನಾವು ನೋಡಿ ಬೆಳೆದ ಬಹುಪಾಲು ಚಿತ್ರಗಳಲ್ಲಿ ಘಟನೆ ಮೊದಲು ಹುಟ್ಟುತ್ತದೆ. ಆ ಘಟನೆಯನ್ನು ಹೊತ್ತು ನಡೆಯಲು ತಕ್ಕ ಮನುಷ್ಯರನ್ನು ಆಮೇಲೆ ಕೂಡಿಸುತ್ತಾರೆ. ಮುಂದೇನಾಗುತ್ತದೆ ಎಂಬ ಕುತೂಹಲ ನಮ್ಮನ್ನು ಎಳೆದೊಯ್ಯುತ್ತದೆ, ಕುತೂಹಲ ತಣಿದೊಡನೆ ಆ ಮನುಷ್ಯರು ನಮ್ಮನ್ನು ಬಿಟ್ಟುಹೋಗುತ್ತಾರೆ. ‘ತಿಥಿ’ಯಲ್ಲಿ ಮೊದಲು ಇರುವುದು ಮನುಷ್ಯರ ಸ್ವಭಾವ, ಘಟನೆ ಅದರ ನೆರಳಿನಂತೆ ಹಿಂದೆ ಬರುತ್ತದೆ. ಚಿತ್ರಕಥೆ ಬರೆಯಲು ಕಲಿಯುತ್ತಿರುವ ಹುಡುಗ ಹುಡುಗಿಯರಿಗೆ ನಾನು ಒಂದು ಅಭ್ಯಾಸ ಕೊಡುವುದುಂಟು: ಗಡ್ಡಪ್ಪನ ಜಾಗದಲ್ಲಿ ಬೇರೆ ಯಾರನ್ನಾದರೂ ನಿಲ್ಲಿಸಿ ಈ ಕಥೆಯನ್ನು ಮತ್ತೆ ಹೇಳಿ. ಜಮೀನಿನ ಮೇಲೆ ಆಸೆಯಿರುವ ಮುದುಕನನ್ನು ನಿಲ್ಲಿಸಿದರೆ ಅವನು ಪೌತಿ ಖಾತೆಗೆ ಅರ್ಜಿ ಹಾಕುತ್ತಾನೆ, ಪಹಣಿಯಲ್ಲಿ ಹೆಸರು ಬದಲಾಗುತ್ತದೆ, ಅಲ್ಲಿಗೆ ಚಿತ್ರ ಮುಗಿಯುತ್ತದೆ. ವೈರಾಗ್ಯ ತಳೆದ ಸಾಧುವನ್ನು ನಿಲ್ಲಿಸಿದರೆ ಅವನು ಮಗನಿಗೆ ಸಂತೋಷದಿಂದ ಸಹಿ ಹಾಕಿಕೊಡುತ್ತಾನೆ, ಆಗಲೂ ಮುಗಿಯುತ್ತದೆ. ಜಮೀನನ್ನು ಬೇಡವೆನ್ನದ, ಬೇಕೆನ್ನದ, ಕಚೇರಿಗೆ ಹೋಗಿ ಕುಳಿತುಕೊಳ್ಳುವ ತಾಳ್ಮೆಯೂ ಇಲ್ಲದ, ದಿನವಿಡೀ ನಡೆಯುತ್ತಲೇ ಇರುವ ಈ ಒಬ್ಬ ಮನುಷ್ಯನಿದ್ದರೆ ಮಾತ್ರ ಈ ಕಥೆ ಹುಟ್ಟುತ್ತದೆ. ಆದ್ದರಿಂದಲೇ ನಿಮಗೆ ಘಟನೆಗಳು ಮರೆತುಹೋಗಿ ಗಡ್ಡಪ್ಪ ಉಳಿದಿದ್ದಾನೆ.

ಇದು ಬರಹದ ಮೇಜಿನ ಮೇಲೆ ಸುಮ್ಮನೆ ಆದದ್ದಲ್ಲ. ಈ ಚಿತ್ರದ ಕಥೆಯನ್ನು ರಾಮ್ ರೆಡ್ಡಿಯವರೊಂದಿಗೆ ಕಟ್ಟಿದವರು ಈರೇಗೌಡರು. ಮಂಡ್ಯ ಜಿಲ್ಲೆಯ ನೊದೆಕೊಪ್ಪಲು ಈರೇಗೌಡರ ಸ್ವಂತ ಊರು, ಚಿತ್ರ ನಡೆಯುವುದೂ ಅಲ್ಲಿಯೇ. ಅವರು ಪಾತ್ರಗಳನ್ನು ಬರೆದುಕೊಂಡು ಮುಖಗಳನ್ನು ಹುಡುಕಲು ಹೊರಡಲಿಲ್ಲ. ಆ ಸೀಮೆಯ ಜನರನ್ನು ಮೊದಲು ಕಂಡು, ಅವರ ನಡೆ, ಮಾತು, ಚಹರೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಪಾತ್ರಗಳನ್ನು ರೂಪಿಸಿದರು. ಗಡ್ಡಪ್ಪನಾಗಿರುವ ಚನ್ನೇಗೌಡರು, ತಮ್ಮಣ್ಣನಾಗಿರುವ ತಮ್ಮೇಗೌಡರು, ಸೆಂಚುರಿ ಗೌಡನಾಗಿರುವ ಸಿಂಗ್ರಿಗೌಡರು, ಅಭಿ ಮತ್ತು ಕಾವೇರಿಯಾಗಿರುವ ಅಭಿಷೇಕ್ ಮತ್ತು ಪೂಜಾ, ಇವರು ಯಾರೂ ಅದಕ್ಕೆ ಮುನ್ನ ವೃತ್ತಿನಿರತ ನಟರಾಗಿರಲಿಲ್ಲ. ಒಬ್ಬ ನಟ ಎಷ್ಟೇ ಸಮರ್ಥನಾಗಿದ್ದರೂ ಕಲಿತು ತರಲು ಕಷ್ಟವಾದ ಕೆಲವು ಸಂಗತಿಗಳಿವೆ. ಬದುವಿನ ಮೇಲೆ ನೋಡದೆಯೇ ಕಾಲಿಡುವುದು, ಕುಕ್ಕರುಗಾಲಿನಲ್ಲಿ ಗಂಟೆಗಟ್ಟಲೆ ಕೂರುವುದು, ಟವೆಲನ್ನು ಹೆಗಲಿನಿಂದ ಹೆಗಲಿಗೆ ಬದಲಾಯಿಸುವುದು, ಮಾತಿಗೆ ಉತ್ತರ ಕೊಡುವ ಮೊದಲು ಎದುರಿಗಿದ್ದವನನ್ನು ಒಂದು ಕ್ಷಣ ಸುಮ್ಮನೆ ನೋಡುವುದು. ಇವು ಮೈಗೆ ಅಂಟಿದ ವಿದ್ಯೆಗಳು. ಗಡ್ಡಪ್ಪನ ನಡಿಗೆಯನ್ನು ಗಮನಿಸಿದ್ದೀರಷ್ಟೆ? ಎಲ್ಲಿಗೋ ತಲುಪಬೇಕೆಂಬ ಆತುರ ಅದರಲ್ಲಿಲ್ಲ, ಹಾಗೆಂದು ಆಯಾಸವೂ ಇಲ್ಲ. ಜೇಬಿನಲ್ಲಿ ಟೈಗರ್ ಬ್ರಾಂದಿಯ ಪುಟ್ಟ ಬಾಟಲಿ, ಮುಖದ ತುಂಬ ಬಿಳಿ ಗಡ್ಡ, ಕಣ್ಣಿನಲ್ಲಿ ಯಾರ ಮೇಲೂ ದೂರಿಲ್ಲದ ಒಂದು ಭಾವ. ಆ ನಡಿಗೆಯೇ ಆ ಮನುಷ್ಯನ ತತ್ವ. ಅದನ್ನು ಮಾತಿನಲ್ಲಿ ಹೇಳಿಸುವ ಅಗತ್ಯ ಚಿತ್ರಕ್ಕೆ ಬೀಳುವುದಿಲ್ಲ.

ನಟರಲ್ಲದವರನ್ನು ತಂದು ನಿಲ್ಲಿಸಿದರೆ ಸಾಕು, ಸಹಜತೆ ತಾನಾಗಿ ಬರುತ್ತದೆ ಎಂಬ ನಂಬಿಕೆಯೊಂದು ನಮ್ಮಲ್ಲಿದೆ. ಅದನ್ನು ನಾನು ಒಪ್ಪುವುದಿಲ್ಲ. ‘ತಿಥಿ’ಯ ಮೆಚ್ಚುಗೆಯ ನಂತರ ಇವರಲ್ಲಿ ಕೆಲವರು ಬೇರೆ ಚಿತ್ರಗಳಲ್ಲಿಯೂ ಕಾಣಿಸಿಕೊಂಡರು. ಅದೇ ಮುಖ, ಅದೇ ಭಾಷೆ ಅಲ್ಲಿಯೂ ಇದ್ದವು, ಆದರೆ ಆ ಮುಖಕ್ಕೆ ಬೇಕಾದ ಜಾಗ ಮತ್ತು ಸಮಯ ಇರಲಿಲ್ಲ. ಮುದುಕರು ಬೈದರೆ ಜನ ನಗುತ್ತಾರೆ ಎಂಬ ಲೆಕ್ಕವೊಂದೇ ಉಳಿದಿತ್ತು, ನನಗೆ ಅದನ್ನು ನೋಡುವಾಗ ನೋವಾಯಿತು. ಸಹಜತೆ ಎಂಬುದು ನಟನಿಗೂ ಅವನ ಮುಂದಿರುವ ಕ್ಯಾಮೆರಾದ ತಾಳ್ಮೆಗೂ ನಡುವೆ ಹುಟ್ಟುವಂಥದು. ಡೊರಾನ್ ಟೆಂಪರ್ಟ್ ಅವರ ಕ್ಯಾಮೆರಾ ಈ ಚಿತ್ರದಲ್ಲಿ ಬಹುಪಾಲು ಒಂದಿಷ್ಟು ದೂರದಲ್ಲಿ ನಿಂತು, ಜನ ತಮ್ಮ ಪಾಡಿಗೆ ತಾವು ಬಂದು ಹೋಗಲು ಬಿಡುತ್ತದೆ. ಮೊದಲ ದೃಶ್ಯವನ್ನೇ ನೆನಪಿಸಿಕೊಳ್ಳಿ. ರಸ್ತೆಯ ಪಕ್ಕದಲ್ಲಿ ಕುಳಿತ ಸೆಂಚುರಿ ಗೌಡ ಹೋಗಿಬರುವವರನ್ನೆಲ್ಲ ಬಾಯಿಗೆ ಬಂದಂತೆ ಬೈಯುತ್ತಾನೆ. ಬೈಸಿಕೊಂಡವರು ಯಾರೂ ಸಿಟ್ಟಾಗುವುದಿಲ್ಲ, ಏಕೆಂದರೆ ಅದು ಊರಿನ ದಿನಚರಿಯ ಭಾಗ. ಆಮೇಲೆ ಎದ್ದು ಮೂತ್ರಕ್ಕೆಂದು ಪಕ್ಕಕ್ಕೆ ಹೋಗಿ ಅಲ್ಲಿಯೇ ಕುಸಿದು ಸಾಯುತ್ತಾನೆ. ಸಾವನ್ನು ಹತ್ತಿರದಿಂದ ತೋರಿಸುವುದಿಲ್ಲ, ಸಂಗೀತವಿಲ್ಲ, ಓಡಿಬರುವವರ ಚೀರಾಟವನ್ನು ಹಿಗ್ಗಿಸುವುದಿಲ್ಲ. ಒಂದು ಇಡೀ ಶತಮಾನವನ್ನು ಕಂಡ ಬದುಕು ಒಂದು ಸಾಮಾನ್ಯ ದಿನದ ನಡುವೆ ಸದ್ದಿಲ್ಲದೆ ಮುಗಿಯುತ್ತದೆ. ಇಂತಹ ಸಾವುಗಳನ್ನು ನಾವು ಊರುಗಳಲ್ಲಿ ಕಂಡಿದ್ದೇವೆ, ತೆರೆಯ ಮೇಲೆ ಕಂಡದ್ದು ಕಡಿಮೆ.

ಹಿನ್ನೆಲೆ ಸಂಗೀತವನ್ನು ಈ ಚಿತ್ರ ಬಳಸುವುದಿಲ್ಲ ಎಂಬುದನ್ನು ಬಹಳ ಪ್ರೇಕ್ಷಕರು ಗಮನಿಸುವುದೇ ಇಲ್ಲ, ಆದರೆ ಅದರ ಪರಿಣಾಮ ಎಲ್ಲರ ಮೇಲೂ ಆಗುತ್ತದೆ. ಯಾವಾಗ ಅಳಬೇಕು, ಯಾವಾಗ ನಗಬೇಕು, ಯಾರನ್ನು ಅನುಮಾನಿಸಬೇಕು ಎಂದು ನಮ್ಮ ಕಿವಿಯಲ್ಲಿ ಪಿಟೀಲು ಹೇಳಿಕೊಡುತ್ತಾ ಬಂದಿರುವುದರಿಂದ, ಅದು ಇಲ್ಲವಾದಾಗ ಮೊದಲ ಅರ್ಧ ಗಂಟೆ ಕಳವಳವಾಗುತ್ತದೆ. ನಿಮ್ಮ ಯಜಮಾನರು ಎದ್ದುಹೋದದ್ದು ಸರಿಯಾಗಿ ಆ ಹೊತ್ತಿನಲ್ಲಿಯೇ ಎಂಬುದು ನನಗೆ ಆಶ್ಚರ್ಯ ತರಲಿಲ್ಲ. ಆ ಕಳವಳವನ್ನು ದಾಟಿ ಕುಳಿತವರ ಕಿವಿ ನಿಧಾನವಾಗಿ ಬೇರೆ ಸದ್ದುಗಳಿಗೆ ತೆರೆದುಕೊಳ್ಳುತ್ತದೆ. ನಿತಿನ್ ಲೂಕೋಸ್ ಅವರು ರೂಪಿಸಿದ ಧ್ವನಿಯಲ್ಲಿ ಊರೇ ಮಾತನಾಡುತ್ತದೆ, ಮತ್ತು ಒಂದು ದೃಶ್ಯದಲ್ಲಿ ಏನನ್ನಿಸಬೇಕು ಎಂಬುದನ್ನು ನಾವೇ ತೀರ್ಮಾನಿಸಬೇಕಾಗಿ ಬರುತ್ತದೆ. ಹಾಗೆ ತೀರ್ಮಾನಿಸಿದ ಭಾವ ನಮ್ಮದೇ ಆಗಿರುವುದರಿಂದ ಅದು ವಾರಗಳವರೆಗೆ ಉಳಿಯುತ್ತದೆ. ನಿಮಗೆ ಆಗಿರುವುದು ಇದೇ ಎಂದು ನನ್ನ ನಂಬಿಕೆ.

ಇನ್ನು ಗಡ್ಡಪ್ಪ ಬೆಂಕಿಯ ಮುಂದೆ ಕುಳಿತು ಕುರಿಗಾಹಿಗಳಿಗೆ ತನ್ನ ಬದುಕಿನ ಕಥೆ ಹೇಳುವ ರಾತ್ರಿಯ ದೃಶ್ಯ. ನಿಮ್ಮ ಮನೆಯವರು ಇನ್ನೂ ನೋಡಿಲ್ಲವಾದ್ದರಿಂದ ಆ ಕಥೆ ಏನೆಂಬುದನ್ನು ನಾನಿಲ್ಲಿ ಬಿಟ್ಟುಕೊಡುವುದಿಲ್ಲ. ಹೇಳುವ ರೀತಿಯ ಬಗ್ಗೆ ಮಾತ್ರ ಬರೆಯುತ್ತೇನೆ. ಅಷ್ಟು ಹೊತ್ತಿಗೆ ನಾವು ಅವನನ್ನು ಚಿಂತೆಯಿಲ್ಲದ, ಕುಡಿದು ಅಲೆಯುವ, ಒಂದಿಷ್ಟು ತಮಾಷೆಯ ಮುದುಕನೆಂದು ಒಪ್ಪಿಕೊಂಡುಬಿಟ್ಟಿರುತ್ತೇವೆ. ಅಪ್ಪ ಸತ್ತ ಸುದ್ದಿ ಬಂದಾಗ ಅವನು ಅಷ್ಟೊಂದು ತಣ್ಣಗಿದ್ದದ್ದು ನಮಗೆ ನಗೆ ತರಿಸಿರುತ್ತದೆ. ಬೇರೆ ಚಿತ್ರವಾಗಿದ್ದರೆ ಇಲ್ಲಿ ಹಿಂದಿನ ಕಾಲ ತೆರೆಯ ಮೇಲೆ ಬರುತ್ತಿತ್ತು, ಹರೆಯದ ಗಡ್ಡಪ್ಪನಾಗಿ ಇನ್ನೊಬ್ಬ ನಟ ಕಾಣಿಸಿಕೊಳ್ಳುತ್ತಿದ್ದ, ಕಣ್ಣೀರು ಹರಿಯುತ್ತಿತ್ತು. ಇಲ್ಲಿ ಇರುವುದು ಬೆಂಕಿಯ ಬೆಳಕು, ಒಂದು ಮುಖ, ಒಂದು ದನಿ, ಕೇಳುತ್ತಿರುವ ಪರಊರಿನ ಜನ. ಯಾವುದೋ ಮಳೆಗಾಲದ ಸುದ್ದಿ ಹೇಳುವಂತೆ ದನಿ ಏರಿಸದೆ ಅವನು ಹೇಳುತ್ತಾ ಹೋಗುತ್ತಾನೆ. ಸ್ವಂತ ಮಗನಿಗೆ, ಸ್ವಂತ ಊರಿಗೆ ಎಂದೂ ಹೇಳದೆ ಉಳಿಸಿಕೊಂಡಿದ್ದನ್ನು ಅವನು ದಾರಿಯಲ್ಲಿ ಸಿಕ್ಕಿದವರಿಗೆ ಹೇಳುವುದು, ಮನುಷ್ಯರನ್ನು ಬಲ್ಲವರು ಮಾತ್ರ ಬರೆಯಬಹುದಾದ ಸಂಗತಿ. ಕೇಳಿದ ಮೇಲೆ ಅವನ ಇಡೀ ನಡಿಗೆಯ ಅರ್ಥ ಬದಲಾಗುತ್ತದೆ. ಹಿಂದೆ ನಾವು ನಕ್ಕ ದೃಶ್ಯಗಳೆಲ್ಲ ಒಂದೊಂದಾಗಿ ಮರಳಿ ಬಂದು ಬೇರೆಯಾಗಿ ಕಾಣತೊಡಗುತ್ತವೆ. ಈ ಒಂದು ದೃಶ್ಯಕ್ಕಾಗಿ ಚಿತ್ರ ತನ್ನ ಮೊದಲಿನ ನಿಧಾನವನ್ನೆಲ್ಲ ಕೂಡಿಟ್ಟಿರುತ್ತದೆ. ಅವಸರದಿಂದ ಇಲ್ಲಿಗೆ ಬಂದಿದ್ದರೆ ಇದು ಒಂದು ಮಾಹಿತಿಯಾಗಿ ಮಾತ್ರ ಉಳಿಯುತ್ತಿತ್ತು.

ತಮ್ಮಣ್ಣನ ಬಗ್ಗೆಯೂ ಒಂದು ಮಾತು ಹೇಳಲೇಬೇಕು, ಏಕೆಂದರೆ ಚಿತ್ರದ ಮೃದುತ್ವವನ್ನು ಅಳೆಯಬೇಕಾದದ್ದು ಅವನ ಮೂಲಕ. ಬದುಕಿರುವ ತಂದೆಯನ್ನು ಕಾಗದದಲ್ಲಿ ಸಾಯಿಸುವ ಮಗ ಸಾಮಾನ್ಯವಾಗಿ ಖಳನಾಗುತ್ತಾನೆ. ಆದರೆ ಈ ಚಿತ್ರ ಅವನ ಓಡಾಟ, ಬೆವರು, ಸಾಲದ ಹೆದರಿಕೆ, ತಿಥಿಯನ್ನು ಊರು ಮೆಚ್ಚುವಂತೆ ಮಾಡಬೇಕೆಂಬ ಕಾಳಜಿ ಎಲ್ಲವನ್ನೂ ತೋರಿಸುತ್ತದೆ. ಮನೆಯಲ್ಲಿ ಜವಾಬ್ದಾರಿಯನ್ನು ಹೊರುವವರು ಬೇರೆ ಯಾರೂ ಇಲ್ಲದಿರುವಾಗ ಎಲ್ಲವನ್ನೂ ತಲೆಯ ಮೇಲೆ ಎಳೆದುಕೊಂಡವನ ಗೋಳು ಅದು. ಅವನು ಮಾಡುತ್ತಿರುವುದು ತಪ್ಪೆಂದು ನಮಗೆ ಗೊತ್ತು, ಆದರೂ ಕಚೇರಿಯ ಬಾಗಿಲಲ್ಲಿ ಅವನು ನಿಂತಾಗ ಅವನ ಕೆಲಸ ಆಗಲಿ ಎಂದು ಮನಸ್ಸು ಒಳಗೊಳಗೇ ಬಯಸುತ್ತದೆ. ಮೃದುವಾದ ಚಿತ್ರವೆಂದರೆ ಸಿಹಿಯಾದ ಚಿತ್ರವೆಂದು ತಿಳಿಯಬಾರದು. ಲಂಚ, ಬಡ್ಡಿ, ಕಳ್ಳತನ, ಮರೆತಿಲ್ಲದ ಹಳೆಯ ಗಾಯ ಇವೆಲ್ಲವೂ ‘ತಿಥಿ’ಯಲ್ಲಿವೆ. ಮೃದುತ್ವ ಇರುವುದು ಆ ಮನುಷ್ಯರನ್ನು ನೋಡುವ ಕಣ್ಣಿನಲ್ಲಿ. ಯಾರ ಮೇಲೂ ತೀರ್ಪು ಕೊಟ್ಟು ಕಡತ ಮುಚ್ಚದೆ ಇರುವುದರಲ್ಲಿ.

ಕನ್ನಡದ ಇನ್ನೊಂದು ಚಿತ್ರದ ಪಕ್ಕದಲ್ಲಿ ಇದನ್ನಿಟ್ಟರೆ ಈ ಮಾತು ಹೆಚ್ಚು ಸ್ಪಷ್ಟವಾದೀತು. ನಮ್ಮಲ್ಲಿ ಹೊಸ ಅಲೆಯ ಚಿತ್ರಗಳಿಗೆ ನಾಂದಿ ಹಾಡಿದ 1970ರ ‘ಸಂಸ್ಕಾರ’, ಯು.ಆರ್. ಅನಂತಮೂರ್ತಿಯವರ ಕಾದಂಬರಿಯನ್ನು ಆಧರಿಸಿ ಪಟ್ಟಾಭಿರಾಮ ರೆಡ್ಡಿಯವರು ನಿರ್ದೇಶಿಸಿದ ಚಿತ್ರ, ಆರಂಭವಾಗುವುದೂ ಒಂದು ಸಾವಿನಿಂದಲೇ. ಬ್ರಾಹ್ಮಣ ಆಚಾರಗಳನ್ನು ಮುರಿದು ಬಾಳಿದ ನಾರಣಪ್ಪನ ಹೆಣಕ್ಕೆ ಸಂಸ್ಕಾರ ಮಾಡುವವರು ಯಾರು ಎಂಬ ಪ್ರಶ್ನೆ ಇಡೀ ಅಗ್ರಹಾರವನ್ನು ಅಲುಗಾಡಿಸುತ್ತದೆ. ಅಲ್ಲಿ ಉತ್ತರಕ್ರಿಯೆ ಒಂದು ಧರ್ಮಸಂಕಟ. ಪಾತ್ರಗಳು ಆ ಪ್ರಶ್ನೆಯ ಎದುರು ನಿಂತು ತಮ್ಮನ್ನು ತಾವು ಕಂಡುಕೊಳ್ಳುತ್ತವೆ. ನಾಲ್ಕೂವರೆ ದಶಕಗಳ ನಂತರ ಬಂದ ‘ತಿಥಿ’ಯಲ್ಲಿ ಕ್ರಿಯೆಯ ಬಗ್ಗೆ ಯಾರಿಗೂ ಸಂದೇಹವಿಲ್ಲ. ಹನ್ನೊಂದನೆಯ ದಿನ ಮಾಡಬೇಕು, ಊರಿಗೆಲ್ಲ ಊಟ ಹಾಕಬೇಕು, ಕುರಿ ತರಬೇಕು, ಅದಕ್ಕೆ ದುಡ್ಡು ಬೇಕು. ಹಿಂದಿನ ಚಿತ್ರ ಸಾವಿನ ಮೂಲಕ ಸಮಾಜವನ್ನು ಪ್ರಶ್ನಿಸಿತು, ಈಚಿನದು ಸಾವಿನ ಸುತ್ತ ನಡೆಯುವ ಬದುಕನ್ನು ಪಕ್ಕದಲ್ಲಿ ಕುಳಿತು ನೋಡಿತು. ಎರಡನ್ನೂ ನಾನು ಪ್ರೀತಿಸುತ್ತೇನೆ. ಆದರೆ ‘ಸಂಸ್ಕಾರ’ ನೋಡಿದ ಮೇಲೆ ನನ್ನೊಂದಿಗೆ ಬಹುಕಾಲ ಉಳಿದದ್ದು ಒಂದು ಪ್ರಶ್ನೆ, ‘ತಿಥಿ’ ನೋಡಿದ ಮೇಲೆ ಉಳಿದವರು ನಾಲ್ಕಾರು ಜನ.

ಈಗ ಭಾಷೆಯ ವಿಚಾರ. ಮಂಡ್ಯದ ಮಾತಿನ ಲಯ ಗೊತ್ತಿರುವವರಿಗೆ ಈ ಚಿತ್ರ ಒಂದು ಪಾಲು ಹೆಚ್ಚು ಸಿಗುತ್ತದೆ ಎಂಬುದು ನಿಜ. ಬೈಗುಳದಲ್ಲಿ ಪ್ರೀತಿ ಇರುವುದು, ಒಂದೇ ಪದವನ್ನು ಎಳೆದು ಹೇಳಿದರೆ ಪ್ರಶ್ನೆ, ಮೊಟಕುಗೊಳಿಸಿದರೆ ಉತ್ತರವಾಗುವುದು, ಇಂತಹ ಸೂಕ್ಷ್ಮಗಳು ಅನುವಾದದಲ್ಲಿ ದಾಟುವುದಿಲ್ಲ. ಆದರೆ ಅದೊಂದೇ ಕಾರಣವಾಗಿದ್ದರೆ, 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಅಡಿಬರಹ ಓದಿಕೊಂಡು ನೋಡಿದವರಿಗೆ ಇದು ಮುಟ್ಟಬಾರದಿತ್ತು. ಅಲ್ಲಿ ಹೊಸ ನಿರ್ದೇಶಕರಿಗೆ ಮೀಸಲಾದ ಸ್ಪರ್ಧಾ ವಿಭಾಗದ ಚಿನ್ನದ ಚಿರತೆ ಪ್ರಶಸ್ತಿಯೂ ಅತ್ಯುತ್ತಮ ಮೊದಲ ಚಿತ್ರದ ಪ್ರಶಸ್ತಿಯೂ ಇದಕ್ಕೇ ಬಂದವು. ಇಪ್ಪತ್ತರ ದಶಕದ ವಯಸ್ಸಿನ ನಿರ್ದೇಶಕನ ಮೊದಲ ಪೂರ್ಣಪ್ರಮಾಣದ ಚಿತ್ರ ಅದು. ಆಮೇಲೆ 63ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಕನ್ನಡ ಚಿತ್ರವೆನ್ನಿಸಿಕೊಂಡು, 2016ರ ಮೇ ತಿಂಗಳಲ್ಲಿ ನಮ್ಮ ಚಿತ್ರಮಂದಿರಗಳಿಗೆ ಬಂದಿತು. ರಾಗಿ ಮುದ್ದೆಯನ್ನೇ ಕಾಣದ ದೇಶದವರಿಗೂ, ಅಪ್ಪನನ್ನು ಅರ್ಥಮಾಡಿಕೊಳ್ಳಲಾಗದ ಮಗ ಎಂದರೆ ಏನೆಂದು ಗೊತ್ತು.

‘ತಿಥಿ’ಯಂತಹವನ್ನು ಸ್ವತಂತ್ರ ಚಿತ್ರಗಳೆನ್ನುತ್ತಾರೆ, ಅಂದರೆ ದೊಡ್ಡ ನಿರ್ಮಾಣ ಸಂಸ್ಥೆಗಳ ಹಿಡಿತದ ಹೊರಗೆ ತಯಾರಾಗುವಂಥವು. ಈ ಮೆಲುದನಿಗೂ ಅದಕ್ಕೂ ನೇರ ಸಂಬಂಧವಿದೆ. ತಾರೆಯ ದಿನಾಂಕ, ಹಾಡಿನ ಹಕ್ಕು, ಮಧ್ಯಂತರದ ತಿರುವು ಇವುಗಳ ಲೆಕ್ಕಕ್ಕೆ ಕಟ್ಟುಬಿದ್ದ ನಿರ್ಮಾಣದಲ್ಲಿ, ತೆರೆಯನ್ನೇ ಕಾಣದ ಒಬ್ಬ ಮುದುಕರನ್ನು ನಡುವೆ ನಿಲ್ಲಿಸಿ ಅವರ ನಡಿಗೆಗೆ ತಕ್ಕಂತೆ ಚಿತ್ರದ ವೇಗವನ್ನು ಹೊಂದಿಸಿಕೊಳ್ಳುವುದು ಬಹಳ ಕಷ್ಟ. ಹಣ ಕಡಿಮೆ ಇರುವುದೇ ಗುಣವೆಂದು ನಾನು ಹೇಳುತ್ತಿಲ್ಲ. ಹಣದ ಕೊರತೆಯಿಂದ ಎಷ್ಟೋ ಒಳ್ಳೆಯ ಚಿತ್ರಗಳು ಅರ್ಧಕ್ಕೆ ನಿಂತಿವೆ. ನಿಧಾನವೂ ತನ್ನಷ್ಟಕ್ಕೆ ಗುಣವಲ್ಲ. ಒಳಗೆ ಮನುಷ್ಯನೇ ಇಲ್ಲದೆ ಬೆಟ್ಟ, ಮೋಡ, ಕಿಟಕಿಗಳನ್ನು ನಿಮಿಷಗಟ್ಟಲೆ ತೋರಿಸುವ ಚಿತ್ರಗಳನ್ನು ನಾನೂ ನೋಡಿದ್ದೇನೆ, ಅವು ನನ್ನನ್ನು ಎಲ್ಲಿಗೂ ಕರೆದೊಯ್ದಿಲ್ಲ. ಯಾರನ್ನು ನೋಡಲು ನಿಧಾನಿಸುತ್ತಿದ್ದೇವೆ ಎಂಬುದು ಗೊತ್ತಿದ್ದಾಗ ಮಾತ್ರ ನಿಧಾನಕ್ಕೆ ಬೆಲೆ ಬರುತ್ತದೆ.

ನಿಮಗೆ ಈ ರೀತಿ ಹಿಡಿಸಿದ್ದರೆ, ಈರೇಗೌಡರೇ ನಿರ್ದೇಶಿಸಿದ ‘ಬಳೆಕೆಂಪ’ವನ್ನು ಮುಂದೆ ನೋಡಿ. 2018ರಲ್ಲಿ ರಾಟರ್‌ಡ್ಯಾಮ್ ಚಿತ್ರೋತ್ಸವದಲ್ಲಿ ಅಂತರರಾಷ್ಟ್ರೀಯ ವಿಮರ್ಶಕರ ಪ್ರಶಸ್ತಿ ಪಡೆದ ಚಿತ್ರವದು. ಹಳ್ಳಿಯ ಒಂದು ದಾಂಪತ್ಯದಲ್ಲಿ ಬಾಯಿಬಿಟ್ಟು ಆಡಲಾಗದ ಮಾತುಗಳ ಬಗ್ಗೆ ಇರುವ ಅದು ‘ತಿಥಿ’ಗಿಂತಲೂ ಮೌನದ ಚಿತ್ರ, ನಗು ಕಡಿಮೆ. ಯಜಮಾನರಿಗೆ ಮಾತ್ರ ಸದ್ಯಕ್ಕೆ ಅದನ್ನು ತೋರಿಸಬೇಡಿ. ಅವರು ‘ತಿಥಿ’ಯನ್ನೇ ಇನ್ನೊಮ್ಮೆ ನೋಡುವುದಾದರೆ ಮುಂದೇನೆಂದು ಕಾಯುವುದನ್ನು ಬಿಟ್ಟು ಗಡ್ಡಪ್ಪನೊಬ್ಬನನ್ನೇ ಹಿಂಬಾಲಿಸಲು ಹೇಳಿ. ಫೋನನ್ನು ಇನ್ನೊಂದು ಕೋಣೆಯಲ್ಲಿಡುವುದು ಒಳ್ಳೆಯದು, ಏಕೆಂದರೆ ಇಂತಹ ಚಿತ್ರದಲ್ಲಿ ಮುಖ್ಯವಾದದ್ದು ಎರಡು ಮಾತುಗಳ ನಡುವಿನ ನೋಟದಲ್ಲಿ ಆಗಿಹೋಗುತ್ತದೆ.

ನಿಮ್ಮ ತಂದೆಯವರ ವಿಷಯ. ಈ ಚಿತ್ರ ಸತ್ತವರನ್ನು ಲಘುವಾಗಿ ಕಾಣುವುದಿಲ್ಲ, ಆದ್ದರಿಂದ ಆ ಅಂಜಿಕೆ ಬೇಡ. ತಿಥಿಯ ಸಿದ್ಧತೆ, ನೆಂಟರ ಬರವು, ಖರ್ಚಿನ ಲೆಕ್ಕ, ಊಟದ ಗಡಿಬಿಡಿ ಇವನ್ನೆಲ್ಲ ಅವರು ಕಳೆದ ವರ್ಷ ತಾವೇ ನಿಂತು ನಡೆಸಿರುತ್ತಾರೆ, ತೆರೆಯ ಮೇಲೆ ಅದನ್ನು ಕಂಡಾಗ ಅವರಿಗೆ ನಗುವೂ ಬಂದೀತು, ಗಂಟಲೂ ಕಟ್ಟೀತು. ಆದರೆ ಬೆಂಕಿಯ ಮುಂದಿನ ಆ ರಾತ್ರಿಯ ಕಥೆ ತಂದೆ ಮಗನ ನಡುವಿನ ಬಹಳ ಆಳದ ನೋವೊಂದನ್ನು ಮುಟ್ಟುತ್ತದೆ. ಅಜ್ಜನಿಗೂ ನಿಮ್ಮ ತಂದೆಗೂ ನಡುವೆ ಏನಿತ್ತೆಂಬುದು ನಿಮಗಿಂತ ಅವರಿಗೆ ಚೆನ್ನಾಗಿ ಗೊತ್ತು. ವರ್ಷಾಬ್ದಿಕ ಇನ್ನೂ ಆಗಿಲ್ಲವಾದರೆ ಅದು ಮುಗಿಯುವವರೆಗೆ ಕಾಯಿರಿ. ಆಮೇಲೆ ಒಂದು ಮಧ್ಯಾಹ್ನ, ತಮಾಷೆಯ ಚಿತ್ರವೆಂದು ಮೊದಲೇ ಹೇಳದೆ, ಅವರನ್ನು ಒಂಟಿಯಾಗಿ ಬಿಡದೆ ಪಕ್ಕದಲ್ಲಿ ಕುಳಿತು ನೋಡಿ. ಮುಗಿದ ಮೇಲೆ ಅವರು ಅಜ್ಜನ ಬಗ್ಗೆ ಏನಾದರೂ ಹೇಳಲು ಆರಂಭಿಸಿದರೆ ಟಿ.ವಿ. ಆರಿಸಿ, ಅವರು ಮುಗಿಸುವವರೆಗೆ ಕೇಳಿ.